ಕೊನೆಯ ಕಂಬ

ಒಲೆ ಕಾಯ್ತಿಲ್ಲ ಅಂತ ಚೌಡಕ್ಕ
ಮೂರು ಸಲ ಅಂಗಡಿಗೆ ಹೊತ್ತು ತಂದಿದ್ದರು.
ಮೂರು ಸಲವೂ ರಿಪ್ಪನ್‌ಪೇಟೆಯಲ್ಲಿ ಅದು
ಕೆಂಡದ ಹಾಗೆ ಕಾದು ನನ್ನ ಮರ್ಯಾದೆ ಉಳಿಸಿತ್ತು.

ಕಡೆಗೆ ನಾನೇ ಹೋದೆ, ಸಂಜೆ ಏಳಕ್ಕೆ, ಮೀಟರು ಹಿಡಿದು.
ಕಾಯಿಲ್ ಐವತ್ಮೂರು ಓಮ್. ಸರಿಯಿದೆ.
ಪ್ಲಗ್ಗಿನಲ್ಲಿ ಇನ್ನೂರ ಮೂವತ್ತು ಇರಬೇಕಾದ ವೋಲ್ಟು
ನೂರ ಅರವತ್ಮೂರು.
ಭಾಗಿಸಿದೆ: ಮೂರು ಆಂಪಿಯರು, ಚಿಲ್ಲರೆ.
ಗುಣಿಸಿದೆ: ಐನೂರು ವಾಟು.
ಸಾವಿರದ ಒಲೆ!

"ವೋಲ್ಟು ಮೂರರಲ್ಲೊಂದು ಪಾಲೂ ಇಳಿದಿಲ್ಲ,
ಬಿಸಿ ಹೇಗೋ ಅರ್ಧ?"
ಐಟಿಐ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ವರ್ಗ
ನನ್ನ ಬಾಯಿಗೆ ಬರಲಿಲ್ಲ.
ಕಾಯದ ನೀರಿಗೆ ಬೆರಳದ್ದಿ ನೋಡುತ್ತ ಅವರೇ ಅಂದರು:
"ತಿಳೀತು ಬಿಡು. ಡೈರಿಯಲ್ಲೂ ಹೀಗೇ.
ಹಾಲೂ ಕಮ್ಮಿ, ಡಿಗ್ರಿಯೂ ಕಮ್ಮಿ,
ಬಟವಾಡೆಯಲ್ಲಿ ಎರಡೂ ಕಡೆಯಿಂದ ಹೊಡೆತ."

ಹೊರಗೆ ಅವರ ಮನೆಯ ಕಂಬ.
ಆಚೆಗೆ ಕಂಬವಿಲ್ಲ.

ಕ್ಯಾಲೆಂಡರಿನ ಹೋದ ತಿಂಗಳನ್ನು ಹರಿದು
ಹಿಂಬದಿಗೆ ಲೆಕ್ಕ ಬರೆಸಿಕೊಂಡರು, ದಪ್ಪಕ್ಷರದಲ್ಲಿ,
ಮೆಸ್ಕಾಂ ಆಫೀಸಿಗೆ ಒಯ್ಯಲು.
ಸೆರಗಿನ ಗಂಟಿನಿಂದ ಇಪ್ಪತ್ತು ರೂಪಾಯಿ ಬಿಚ್ಚಿದರು.
"ರಿಪೇರಿ ಏನೂ ಮಾಡಿಲ್ಲವಲ್ಲ" ಅಂದೆ.
"ಒಲೆ ಕೆಟ್ಟಿಲ್ಲ ಅಂದೆಯಲ್ಲ,
ಅದಕ್ಕೆ."