ಹಾಲಪ್ಪನ ಐಸ್ ಲೆಕ್ಕ

ಹಳೇ ದಾವಣಗೆರೆಯ ಐಸ್ ಫ್ಯಾಕ್ಟರಿಯಲ್ಲಿ
ಇಪ್ಪತ್ತೆಂಟು ಬೇಸಿಗೆ ಕಳೆದವ ನಾನು.
ಐಸೆಂದರೆ ನನಗೆ ಅಮೋನಿಯದ ಘಾಟು,
ಉಪ್ಪುನೀರ ತೊಟ್ಟಿಯಿಂದೆದ್ದ ತಗಡಿನ ಡಬ್ಬಿ,
ಕೊಕ್ಕೆ, ಗೋಣಿತಾಟು, ಭತ್ತದ ಹೊಟ್ಟು.
ಮೀನಿನವರಿಗೆ ಎಂಟು, ಕಲ್ಯಾಣಮಂಟಪಕ್ಕೆ ಹನ್ನೆರಡು,
ಕಬ್ಬಿನಹಾಲಿನ ಗಾಡಿಗೆ ಅರ್ಧ.
ಗೋಡೆ ಮೇಲೆ ಸೀಮೆಸುಣ್ಣದ ಗೀರು,
ಐದಕ್ಕೊಂದು ಅಡ್ಡಗೀರು.
ಅದರಾಚೆಗೂ ಐಸಿಗೊಂದು ಬಾಳಿದೆಯೆಂದು
ಯಾರು ಕಂಡಿದ್ದರು?

ಎದುರು ಸಾಲು ಮಂಡಕ್ಕಿ ಭಟ್ಟಿ.
ಅಲ್ಲಿ ಮರಳು ಕಾದು ಸಿಡಿಯುವಾಗ
ಇಲ್ಲಿ ನನ್ನ ಬೆರಳು ಮರಗಟ್ಟಿರುತ್ತದೆ.
ನಡುವೆ ಹನ್ನೆರಡಡಿ ರಸ್ತೆ.
ರಂಜಾನಿನ ಸಂಜೆ ಅದನ್ನು ದಾಟಿ
ಶರಬತ್ತಿಗೆ ಐದು ರೂಪಾಯಿಯ ಐಸಿಗೆ ಬರುತ್ತಿದ್ದಳು
ಭಟ್ಟಿ ದಸ್ತಗೀರನ ಮಗಳು ಮುಬೀನಾ.

ಡಬ್ಬಿ ಬಗ್ಗಿಸಿದರೆ ಗಡ್ಡೆ ಜಾರುತ್ತದೆ
ಒದ್ದೆ ಸಿಮೆಂಟಿನ ಮೇಲೆ, ಹಗ್ಗ ಹರಿದ ಹೋರಿ.
ದೊಡ್ಡವರೇ ಕಾಲೆತ್ತಿ ಸರಿಯುವ ಜಾಗದಲ್ಲಿ
ಇವಳು ಮೊಣಕಾಲು ಒಳಗೆ ಮಡಿಸಿ ಕೂತು
ಎರಡೂ ಕಾಲು ಅಡ್ಡ ಕೊಟ್ಟು ನಿಲ್ಲಿಸಿದಳು.
'ಇನ್ನೊಂದು ಬಿಡು ಕಾಕಾ.'
ಬೈದೆ.
ಬಿಟ್ಟೆ.

ಆಮೇಲೆ ಮುಚ್ಚಿದ ಹತ್ತಿ ಗಿರಣಿಯ ಗೋದಾಮು,
ಗಾಲಿಬೂಟಿನ ಹುಡುಗರು, ಪೀಟಿ ಮೇಷ್ಟ್ರು ವಾಗೀಶಯ್ಯ.
ಟೈರ್ ಚಪ್ಪಲಿಯ ಅಟ್ಟೆ ದುಂಡಗೆ ಕತ್ತರಿಸಿ
ಅದಕ್ಕೇ ಹೊಡೆದಾಟ.
ಗೋಲಿಗೆ ನಿಲ್ಲಲು ಯಾರೂ ಒಲ್ಲೆನ್ನುತ್ತಾರೆ, ಇವಳು ನಿಂತಳು.
ಸೀಟು ಹೊಲಿಯುವ ಜಬೀವುಲ್ಲಾ
ಗುಜರಿ ಲೂನಾದ ರೆಕ್ಸಿನ್ ಬಿಚ್ಚಿ
ಕಾಲಿಗೆ ಎರಡು ದಿಂಬು ಹೊಲಿದುಕೊಟ್ಟ.
ಎರಡು ಚಳಿಗಾಲ ಲಡಾಖಿನಲ್ಲಿದ್ದಳು.
ಮೂರನೆಯದಕ್ಕೆ ದೇಶದ ಅಂಗಿ,
ನನ್ನ ನಾಲಿಗೆಗೆ ಹೊರಳದ ಹೆಸರಿನ ಊರಲ್ಲಿ
ಹದಿನೆಂಟರೊಳಗಿನ ಹುಡುಗಿಯರ ಪಂದ್ಯಾವಳಿ.

ರಾತ್ರಿ ಎರಡೂವರೆ. ಉಪ್ಪಿನ ಚೀಲಕ್ಕೆ ಮೊಬೈಲ್ ಒರಗಿಸಿ
ನಾನು, ದಸ್ತಗೀರ, ಪಾಳಿಗೆ ಬಂದ ಭಟ್ಟಿಯ ಐದಾರು ಮಂದಿ.
ಆಟ ತಿಳಿಯದು. ಅಟ್ಟೆ ಕಾಣದು,
ಹಾಲಿನ ಮೇಲೆ ನೊಣದಂತೆ ಅತ್ತ, ಇತ್ತ.
ಎಲ್ಲರ ಮುಖಕ್ಕೂ ಜಾಲರಿ.
ಯಾವಳು ನಮ್ಮವಳು?
ಬಂದ ಏಟಿಗೆ ಒಬ್ಬಳು
ಮೊಣಕಾಲು ಒಳಗೆ ಮಡಿಸಿ ಕೂತಳು.
'ಅಗೋ' ಎಂದೆ, ಅವಳಪ್ಪನಿಗಿಂತ ಮೊದಲು.

ಕೈ ಸುಮ್ಮನಿರಲಿಲ್ಲ. ಸೀಮೆಸುಣ್ಣ ತಗೊಂಡೆ.
ತಡೆದರೆ ಗೀರು. ಒಳಗೆ ಹೋದರೆ ಸೊನ್ನೆ.
ನಮ್ಮವರದೂ ಒಂದು ಗೋಲಾಯಿತಂತೆ.
ಅಷ್ಟರಲ್ಲಿ ನೆಟ್‌ವರ್ಕ್ ನಿಂತು ಚಕ್ರ ತಿರುಗಿ,
ಮತ್ತೆ ಬಂದಾಗ ಬರೇ ಅಪ್ಪುಗೆ ಕಂಡಿತು.
ನಾವೂ ಲೆಕ್ಕ ತಪ್ಪಿ ಅಪ್ಪಿಕೊಂಡೆವು,
ನನ್ನ ಒದ್ದೆ ಬನಿಯನ್ನಿಗೆ ದಸ್ತಗೀರನ ಬೂದಿ.

ಬೆಳಿಗ್ಗೆ ಸಾಹುಕಾರ್ ಮುರಿಗೆಪ್ಪ ಗೋಡೆ ಎಣಿಸಿದರು.
'ಏನಲೇ, ರಾತ್ರಿ ನಲವತ್ತೊಂದು ಹೋಗ್ಯಾವೆ. ದುಡ್ಡೆಲ್ಲಿ?'
'ಹೋಗಿಲ್ಲ ಸಾಹುಕಾರ್ರೆ. ನಿಂತಾವೆ.'
'ಮತ್ತೆ ಈ ಒಂಬತ್ತು ಸೊನ್ನೆ?'
'ಹೋಗಿದ್ದು ಅವೇ.'
ನನ್ನ ಮುಖ ನೋಡಿದರು, ಬಾಟಲಿ ಹುಡುಕುವವರಂತೆ.

ತಿಂಗಳಾದ ಮೇಲೆ ಆಟೋ ಇಳಿದು ಕುಂಟುತ್ತ ಬಂದಳು.
ಬಲ ಮೊಣಕಾಲು ಊದಿ ಬನ್ನಿನಂತೆ.
'ಐದು ರೂಪಾಯಿದು ಐಸ್ ಕೊಡು ಕಾಕಾ.'
ಅಲ್ಲಿಯ ಐಸ್ ಹೆಂಗೈತೆ? ಅಷ್ಟೊಂದು ಬಿಳಿ?
ನಕ್ಕಳು. 'ಅದು ಬಣ್ಣ ಕಾಕಾ.
ಅಡಿಗೆ ಸುಣ್ಣ ಬಳಿದಂಗೆ ಬಳೀತಾರೆ.
ಇಲ್ಲಾಂದ್ರೆ ನಿನ್ನದರಂಗೇ.'

ಇಪ್ಪತ್ತೆಂಟು ಬೇಸಿಗೆ ನಾನು ನೋಡಿದ ಗಡ್ಡೆ:
ಅಂಚಿಗೆ ಗಾಜು, ನಟ್ಟನಡುವೆ ಮಾತ್ರ ಬಿಳಿ,
ಹೊರಬರಲಾಗದೆ ಸಿಕ್ಕಿಬಿದ್ದ ಗಾಳಿ.
ಅದನ್ನು ಹೇಳೋಣವೆಂದುಕೊಂಡೆ.
ಕೊಕ್ಕೆಯಿಂದ ಮೂಲೆ ಒಡೆದು, ಗೋಣಿಯಲ್ಲಿ ಸುತ್ತಿ,
'ಈಗ ಹತ್ತು ರೂಪಾಯಿ' ಎಂದೆ.
ಕೊಟ್ಟಳು.