ಗೀರು

ನವೆಂಬರಿಗೆ ದೋಣಿ ಮಗುಚಿ ಹಾಕಿದರೆ
ಏಪ್ರಿಲ್‌ವರೆಗೆ ಈ ಮೇನ್ ಕರಾವಳಿಯಲ್ಲಿ
ಅಡುಗೆಮನೆಯ ಮೇಜೇ ನನ್ನ ಅಂಗಡಿ.

ಸರ್ಕಾರದ ಭಂಡಾರದಲ್ಲಿ ಹಳೆಯ ಫೋಟೋಗಳಿವೆ, ಲಕ್ಷಗಟ್ಟಲೆ,
ಹಕ್ಕು ತೀರಿದವು, ಯಾರವೂ ಅಲ್ಲ, ಎಲ್ಲರವು,
ಗೋಮಾಳ ಇದ್ದ ಹಾಗೆ.
ಒಂದೊಂದೇ ಇಳಿಸಿಕೊಳ್ಳುತ್ತೇನೆ,
ಧೂಳು ಒರೆಸಿ, ಬಿರುಕು ಬೆಸೆದು, ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿ
ಏಜೆನ್ಸಿಗೆ ಏರಿಸುತ್ತೇನೆ.
ಒಂದು ಮಾರಿದರೆ ಮೂವತ್ತೆಂಟು ಸೆಂಟು.
ತಪ್ಪೇನಿಲ್ಲ ಅಂದ ವಕೀಲಿ ಮಾಡುವ ತಮ್ಮ:
ಹುಲ್ಲು ಎಲ್ಲರದು, ಕೊಯ್ದು ಕಟ್ಟಿದ ಹೊರೆ ನಿನ್ನದು.

ಹಾಗೆ ಸಿಕ್ಕವಳು ಅವಳು.
ಸಾವಿರದ ಒಂಬೈನೂರ ಹನ್ನೊಂದು, ಸಾರ್ಡೀನ್ ಡಬ್ಬಿ ಕಾರ್ಖಾನೆ.
ಗಾಜಿನ ಫಲಕದ ಅಂಚಿನಲ್ಲಿ ಯಾರೋ ಗೀಚಿದ್ದರು:
'ಹುಡುಗಿ, ಒಂಬತ್ತಿರಬಹುದು, ಹೆಸರು ಹೇಳಲಿಲ್ಲ.'
ಮೊಣಕೈವರೆಗೆ ಮೀನಿನ ಹೊಳಪು.
ಕೈಯಲ್ಲಿ ತನ್ನ ಮುಂಗೈಯಷ್ಟುದ್ದದ ಚೂರಿ.
ತುಟಿಯಂಚಿನಿಂದ ಗದ್ದದ ಕೆಳಗಿನವರೆಗೆ ಒಂದು ಬಿಳಿ ಗೀರು.
ಫಲಕದ್ದೆಂದುಕೊಂಡು
ಪಕ್ಕದ ಚರ್ಮವನ್ನೇ ಚಿಟಿಕೆ ಚಿಟಿಕೆ ಎತ್ತಿ ತುಂಬಿದೆ.
ಒಂದು ರಾತ್ರಿಯ ಕೆಲಸ. ಚೆನ್ನಾಗಿಯೇ ಕೂತಿತು.

ಆಮೇಲೆ ಹುಡುಕುಪದಗಳು:
ಬಾಲಕಿ, ಬಡತನ, ಹಳೆಯ ಕಾಲ, ಮೀನು, ಮುಗ್ಧತೆ, ಆಶಾಭಾವ.
ಕೊನೆಯದು ಸುಳ್ಳು. ಅದಕ್ಕೆ ಗಿರಾಕಿ ಜಾಸ್ತಿ.

ಇನ್ನೂರ ಹದಿನಾರು ಸಲ ಮಾರಾಟವಾದಳು.
ಒಂದು ಪಠ್ಯಪುಸ್ತಕ. ಒಂದು ಬ್ಯಾಂಕಿನ ಕ್ಯಾಲೆಂಡರ್.
ಎಲ್ಲೋ ಪೋರ್ಚುಗಲ್ಲಿನ ಸಾರ್ಡೀನ್ ಡಬ್ಬಿ,
ಎಳೆದು ತೆರೆಯುವ ಉಂಗುರ ಸರಿಯಾಗಿ ಅವಳ ಹಣೆಯ ಮೇಲೆ.
ನನ್ನ ಒಲೆಗೆ ಹತ್ತು ದಿನದ ಮೇಪಲ್ ಸೌದೆ.

ಫೆಬ್ರವರಿಯಲ್ಲಿ ಮಚಾಯಸ್‌ನಿಂದ ಒಂದು ಕಾಗದ,
ವಿಲ್ಮಾ ಕಾಲ್ಡರ್ ಅಂತ, ಎಂಬತ್ತು ದಾಟಿದ ಕೈಬರಹ.
ಬೈಗುಳವಿರಬಹುದೆಂದು ಕಾಫಿ ಆರುವವರೆಗೆ ಒಡೆಯಲಿಲ್ಲ.
ಬೈದಿರಲಿಲ್ಲ.
"ಅವಳು ನಮ್ಮಮ್ಮ, ಲವೀನ. ಮಾರಿದ್ದಕ್ಕೆ ತಕರಾರಿಲ್ಲ,
ಅವಳೂ ಕೈಗೆ ಸಿಕ್ಕಿದ್ದೆಲ್ಲ ಮಾರಿದವಳೇ: ಮೊಟ್ಟೆ, ಹೆಣಿಗೆ, ಒಮ್ಮೆ ತನ್ನ ಕೂದಲು.
ಆದರೆ ಆ ಗೀರೆಲ್ಲಿ?
ಪಕ್ಕದವಳ ಚೂರಿ ಜಾರಿ ಆದದ್ದು. ಅರ್ಧ ದಿನದ ಕೂಲಿ ಮುರಿದುಕೊಂಡರಂತೆ.
ಮಂಜು ಕವಿಯುವ ಮುಂಚೆ ಅದು ತುರಿಸುತ್ತಿತ್ತು.
ಅವಳು ಗದ್ದ ಉಜ್ಜಿಕೊಂಡ ದಿನ ಅಪ್ಪ ದೋಣಿ ಇಳಿಸುತ್ತಿರಲಿಲ್ಲ.
ಐದು ಮಕ್ಕಳಿಗೂ ಅಪ್ಪ ಉಳಿದದ್ದು ಹಾಗೆ."

ಭಂಡಾರದ ಪ್ರತಿ ಮತ್ತೆ ತೆರೆದೆ.
ಹೌದು, ಗೀರಿಗೆ ಕೂದಲೆಳೆಯಷ್ಟು ನೆರಳಿತ್ತು.
ಗಾಜಿನ ಗೀರಿಗೆ ನೆರಳು ಬೀಳದು.
ನಲವತ್ತು ವರ್ಷ ಅಲೆ ಓದಿದ ಕಣ್ಣಿಗೆ ಅಷ್ಟೂ ಕಾಣಲಿಲ್ಲ.

ತುಂಬಿದ್ದನ್ನೆಲ್ಲ ತೆಗೆದೆ. ಹೆಸರು ಸೇರಿಸಿದೆ.
ಆಶಾಭಾವ ಅಳಿಸಿದೆ. ಏರಿಸಿದೆ.

ಮೂರನೇ ದಿನ ಏಜೆನ್ಸಿಯ ಉತ್ತರ:
ತಿರಸ್ಕೃತ. ಕಾರಣ, ತಾಂತ್ರಿಕ ದೋಷ.
ಮುಖದ ಮೇಲೆ ಗೀರು. ಸರಿಪಡಿಸಿ ಕಳುಹಿಸಿ.

ವಿಲ್ಮಾಗೆ ಒಂದು ದೊಡ್ಡ ಪ್ರತಿ ಅಚ್ಚು ಹಾಕಿಸಿ ಕಳಿಸಿದೆ,
ಗೀರಿನ ಸಮೇತ. ನನಗೆ ಸಿಗುವುದೆಷ್ಟೆಂದೂ ಬರೆದೆ,
ಮುಚ್ಚಿಡುವುದೇನು.
ಲಕೋಟೆಯಲ್ಲಿ ಮೂವತ್ತೆಂಟು ಸೆಂಟು ಬಂತು,
ಟೇಪು ಅಂಟಿಸಿ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಗೀರಿಲ್ಲದವಳು ಇನ್ನೂ ಅಂಗಡಿಯಲ್ಲಿದ್ದಾಳೆ.
ತೆಗೆಯುವ ಗುಂಡಿ ಎಲ್ಲಿದೆಯೆಂದು ಗೊತ್ತು.
ನಿನ್ನೆಗೆ ಇನ್ನೂರ ಹದಿನೇಳು.
ಹೊರಗೆ ಕೊಲ್ಲಿ ಕಾಣದಷ್ಟು ಮಂಜು,
ಸುಮ್ಮನೆ ಕೂತು ಗದ್ದ ಉಜ್ಜಿಕೊಳ್ಳುತ್ತಿದ್ದೇನೆ.