ಕತ್ತಿನ ಬೆಳ್ಳಿ

ಪ್ಲಗ್ ಕಿತ್ತಿದ್ದೀಯ, ಸರಿ. ಆದರೂ ಕೈ ಹಾಕಬೇಡ, ದೊಮಾಂತಾಸ್,
ಸಿಟ್ಟನ್ನು ಬಹಳ ಹೊತ್ತು ಇಟ್ಟುಕೊಳ್ಳುವ ಜಾತಿ ಇದು.
ನಮ್ಮ ಪಾಳಿಯ ಜೆನೋನಾಸ್ ಒಮ್ಮೆ ಮರೆತು ಮುಟ್ಟಿ
ಬೆಂಚಿನಾಚೆ ಹೋಗಿ ಬಿದ್ದ. ಎದ್ದವನು ಮೊದಲು ಟೋಪಿ ಹುಡುಕಿದ.

ಕತ್ತು ನೋಡು. ಗಾಜಿನೊಳಗೆ ಬೆಳ್ಳಿ ಮಚ್ಚೆ ಇದೆಯಾ?
ಇದ್ದರೆ ಜೀವ ಇದೆ.
ಗಾಳಿಯೆಲ್ಲ ಎಳೆದು, ಬಾಯಿ ಬೆಸೆದ ಮೇಲೂ
ಮೂಲೆಯಲ್ಲಿ ಅಡಗಿ ಕೂತ ಉಸಿರನ್ನು ನುಂಗಲೆಂದು
ಒಳಗೇ ಸುಟ್ಟು ಹರಡಿದ ಬೇರಿಯಂ ಅದು.
ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟರೂ
ಬೆಳ್ಳಿ ಹಾಲಿನಂತೆ ಬಿಳಿಚಿಕೊಳ್ಳುತ್ತದೆ.
ಪನೆವೆಜಿಸ್‌ನ ಚಳಿಗಾಲ, ಬೆಳಗಿನ ಪಾಳಿ,
ಸಾಲಾಗಿ ಬರುವ ಕತ್ತುಗಳನ್ನು ದೀಪಕ್ಕೆ ಹಿಡಿಯುವುದು,
ಇಪ್ಪತ್ತೆರಡು ವರ್ಷ ಇದೇ ನನ್ನ ಕೆಲಸ.
ಬೆಳ್ಳಿ, ಬೆಳ್ಳಿ, ಬೆಳ್ಳಿ, ಹಾಲು. ಬೆಳ್ಳಿ.

ಹ್ಞೂಂ, ಈಗ ಹಚ್ಚು. ಅವಸರ ಬೇಡ,
ಒಳಗಿನ ತಂತಿ ಕೆಂಪಾಗಲಿ,
ಅದರ ಮೇಲಿನ ಪುಟ್ಟ ಟೊಪ್ಪಿಗೆ ಕಾಯಲಿ,
ಕಾದ ಲೋಹ ಬಿಟ್ಟು ಎಲೆಕ್ಟ್ರಾನುಗಳು ಏಳಲಿ.
ಮುಂದೆ ಸಾವಿರಾರು ವೋಲ್ಟಿನ ಸೆಳೆತ,
ದಾರಿಗೆ ಅಡ್ಡ ಬರಲು ಯಾರೂ ಇರಬಾರದು.
ಅಷ್ಟು ಬೆವರು ಸುರಿಸಿ ನಾವು ತಯಾರಿಸುತ್ತಿದ್ದುದು
ಏನೂ ಇಲ್ಲದ ಒಂದಿಷ್ಟು ಜಾಗವನ್ನು.

ಟೀವಿಯಾದರೆ ಕತ್ತಿಗೆ ತಾಮ್ರದ ಸುರುಳಿ ತೊಡಿಸಿ
ಅಯಸ್ಕಾಂತದಿಂದ ಬಾಗಿಸುತ್ತಿದ್ದೆವು.
ಇದು ಅಳೆಯುವ ಯಂತ್ರ. ಇದಕ್ಕೆ ಎರಡು ಜೋಡಿ ತಗಡು:
ಒಂದು ಎಡದಿಂದ ಬಲಕ್ಕೆ ಒಯ್ಯುತ್ತದೆ, ಗಡಿಯಾರದ ನಿಯತ್ತಿನಲ್ಲಿ;
ಇನ್ನೊಂದು, ನೀನು ಕೊಟ್ಟದ್ದಕ್ಕೆ ತಕ್ಕಂತೆ, ಮೇಲೆ, ಕೆಳಗೆ.
ಗೆರೆ ಅನ್ನುವುದು ಇಲ್ಲವೇ ಇಲ್ಲ, ಮಗು.
ಇರುವುದು ಒಂದೇ ಚುಕ್ಕೆ, ಓಡುತ್ತಿದೆ.
ಉಳಿದದ್ದು ಹಸಿರು ಲೇಪದ ನೆನಪು,
ನಿನ್ನ ಕಣ್ಣು ಕೊಟ್ಟ ಕೈಸಾಲ.

ಆ ಮೊನೆಗೆ ಬೆರಳಿಡು.

ಎದೆಬಡಿತ ಅಂದುಕೊಂಡೆಯಾ?
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.
ಸೆಕೆಂಡಿಗೆ ಐವತ್ತು ಸಲ ಬಡಿದರೆ ಗುಬ್ಬಚ್ಚಿಯೂ ಬದುಕದು.
ಈ ಶಾಲೆಯ ಗೋಡೆಯೊಳಗಿನ ಕರೆಂಟು ಅದು,
ನಿನ್ನ ಮೈಯನ್ನು ಒಳದಾರಿ ಮಾಡಿಕೊಂಡಿದೆ, ಅಷ್ಟೆ.
ಮುಖ ಬಾಡಿಸಬೇಡ. ಸರಿ, ನಾನೂ ಮುಟ್ಟುತ್ತೇನೆ.
ನೋಡು, ಅದೇ ಅಲೆ.
ಒಂದು ಚೂರು ಎತ್ತರ, ರಬ್ಬರ್ ಬೂಟು ಹಾಕಿದ್ದೇನಲ್ಲ.

ಕಾರ್ಖಾನೆ ಮುಚ್ಚಿದ ದಿನ, ಹಾಲಾದ ಕತ್ತೊಂದನ್ನು
ಶಾಲಿನಲ್ಲಿ ಸುತ್ತಿ ಮನೆಗೆ ತಂದೆ.
ಅಡುಗೆಮನೆಯ ಕಿಟಕಿಯಲ್ಲಿದೆ. ಯಾಕೆ ತಂದೆನೋ.
ಕೆಟ್ಟದ್ದನ್ನೇ ಯಾಕೆ ತಂದೆನೋ.

ಚುಕ್ಕೆ ದಪ್ಪಗಾಗಿದೆ, ಫೋಕಸ್ ತಿರುಗಿಸು.
ಇನ್ನೂ.
ಹಾಂ, ಸಾಕು.